ಮಾವನ ಕಾರಿಗೆ ಮೇಣ

ಭಾನುವಾರ ಬೆಳಗ್ಗೆ ಏಳೂವರೆಗೆ ಬಂದ ಒಂದು ಫೋನು ಕನ್ನಡಕದಣ್ಣನ ರಜೆಯನ್ನು ನುಂಗಿ ನೀರು ಕುಡಿಯಿತು. ಆಚೆ ಕಡೆ ಇದ್ದವರು ಅವನ ಮಾವ. ರೈಲಿನ ಗಾರ್ಡಾಗಿ ಮೂವತ್ತು ವರ್ಷ ಬಾವುಟ ಬೀಸಿ ನಿವೃತ್ತರಾದ ಅವರ ಮಾತು ಸೀಟಿ ಊದಿದಷ್ಟೇ ಚುಟುಕು.

“ಸಂಜೆ ಐದಕ್ಕೆ ಬರ್ತೀನಿ ಅಳಿಯಂದಿರೇ. ಕಾರು ನೋಡ್ಬೇಕು. ಅದು ಯಾರ ಮನೇಲಿರ್ಬೇಕು ಅಂತ ಇವತ್ತೇ ತೀರ್ಮಾನ.”

ಆ ಕಡೆ ರಿಸೀವರ್ ಇಟ್ಟ ಸದ್ದಾಯಿತು. ಕನ್ನಡಕದಣ್ಣ ಕಾಫಿ ಲೋಟ ಹಿಡಿದುಕೊಂಡೇ ಬಾಗಿಲಿಗೆ ಓಡಿ ಕಾರನ್ನು ನೋಡಿದ. ಅದರ ಮೈತುಂಬ ಕೆಸರು.

ಅವನಿಗೆ ಆ ಹೆಸರು ಬಂದದ್ದು ಕನ್ನಡಕದಂಗಡಿ ಇಟ್ಟಿದ್ದರಿಂದ. ಕಾರು ಬಂದದ್ದು ಮದುವೆಯಾದದ್ದರಿಂದ. ಕಡುಗೆಂಪು ಬಣ್ಣದ ಆ ಕಾರನ್ನು ಮಾವ ಹದಿನೆಂಟು ವರ್ಷ ಹೊದಿಕೆಯೊಳಗೆ ಸಾಕಿದ್ದರು. ವಾರಕ್ಕೊಮ್ಮೆ ಹೊದಿಕೆ ತೆಗೆಯುವುದು, ಒರೆಸುವುದು, ಮತ್ತೆ ಹೊದಿಸುವುದು. ಕಿಲೋಮೀಟರು ತೋರಿಸುವ ಮೀಟರು ಎರಡನೇ ವರ್ಷವೇ ಕೆಟ್ಟು ನಿಂತಿತ್ತು. ‘ಎಲ್ಲಿಗೂ ಹೋಗೋದಿಲ್ಲ, ಲೆಕ್ಕ ಯಾಕೆ’ ಎಂದು ಅದನ್ನು ರಿಪೇರಿ ಮಾಡಿಸಲೂ ಇಲ್ಲ. ಈಚೆಗೆ ಮಂಡಿನೋವು ಬಂದು ಕ್ಲಚ್ ಒತ್ತಲಾಗದೆ ಹೋದಾಗ ಇಬ್ಬರು ಅಳಿಯಂದಿರಿಗೂ ಒಂದು ಪರೀಕ್ಷೆ ಒಡ್ಡಿದರು. ಮೊದಲ ಆರು ತಿಂಗಳು ಕಾರು ದೊಡ್ಡ ಅಳಿಯನ ಮನೆಯಲ್ಲಿ, ಆಮೇಲಿನ ಆರು ತಿಂಗಳು ಸಣ್ಣ ಅಳಿಯನ ಮನೆಯಲ್ಲಿ. ಎರಡನ್ನೂ ನೋಡಿ ತೀರ್ಪು.

ದೊಡ್ಡ ಅಳಿಯ, ಅಂದರೆ ಕನ್ನಡಕದಣ್ಣನ ಷಡ್ಡಕ, ತನ್ನ ಅವಧಿ ಮುಗಿಸಿ ಕಾರು ಒಪ್ಪಿಸಿದಾಗ ಅದರ ಮೈಗೆ ಅರ್ಧ ರಸ್ತೆಯೇ ಅಂಟಿಕೊಂಡಿತ್ತು. ಮಾವ ಒಂದು ಸುತ್ತು ಹಾಕಿ ನೋಡಿದರು. ಒಂದು ಮಾತೂ ಆಡದೆ, ಕೈ ಹಿಂದೆ ಕಟ್ಟಿಕೊಂಡು ಒಳಗೆ ಹೋಗಿಬಿಟ್ಟರು. ಅಷ್ಟು ಗಟ್ಟಿ ಮೌನ ಸಿಟ್ಟಿನಿಂದಲ್ಲದೆ ಬರಲು ಸಾಧ್ಯವಿಲ್ಲ ಎಂದು ಕನ್ನಡಕದಣ್ಣ ಆವತ್ತೇ ಲೆಕ್ಕ ಹಾಕಿದ್ದ. ಷಡ್ಡಕ ಫೇಲು. ಇನ್ನು ತಾನು ಪಾಸಾದರೆ ಸಾಕು.

ಪಾಸಾಗಲೇಬೇಕಿತ್ತು. ಮೊದಲೆಲ್ಲ ಗಂಡ, ಹೆಂಡತಿ, ಮಗಳು ಪುಟ್ಟಿ ಮೂವರೂ ಒಂದೇ ಸ್ಕೂಟರಿನ ಮೇಲೆ ಉಸಿರು ಬಿಗಿಹಿಡಿದು ಕೂತು ಹೆಚ್ಚೆಂದರೆ ಪೇಟೆಯವರೆಗೆ ಹೋಗುತ್ತಿದ್ದರು. ಈ ಆರು ತಿಂಗಳು ಭಾನುವಾರವೆಂದರೆ ನದಿ, ಗುಡ್ಡ, ಕಡಲು. ಹೆಂಡತಿ ಮುಂದಿನ ಸೀಟಿನಲ್ಲಿ ಹಾಡುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳಿಗೆ ಹಾಡಲು ಬರುತ್ತದೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅದನ್ನೆಲ್ಲ ಬಿಟ್ಟುಕೊಡಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ. ಆದರೆ ತಿರುಗಾಟದ ಫಲವಾಗಿ ಕಾರು ಈಗ ಷಡ್ಡಕನ ಕಾಲಕ್ಕಿಂತಲೂ ಕೊಳಕಾಗಿತ್ತು.

ಬಿಡಿಭಾಗದಂಗಡಿಯ ಬಾಗಿಲು ತೆರೆಯುವುದನ್ನೇ ಕಾದು ಒಳಗೆ ನುಗ್ಗಿದ. ಅಂಗಡಿಯವನು ಮೂರು ಡಬ್ಬಿ ತೆಗೆದಿಟ್ಟ.

“ಇದು ರಾಸಾಯನಿಕದ್ದು, ವರ್ಷ ಬಾಳಿಕೆ ಬರತ್ತೆ. ಇದು ಸ್ಪ್ರೇ, ಹೊಡೆದು ಒರೆಸಿದ್ರಾಯ್ತು. ಇದು ನೈಸರ್ಗಿಕ. ಒಂದು ಜಾತಿ ತಾಳೆ ಎಲೆ ಮೇಲಿಂದ ಕೆರೆದು ತೆಗೆದ ಮೇಣ, ಜೊತೆಗೆ ಒಂಚೂರು ಜೇನುಮೇಣ. ಮುಖ ಕಾಣೋ ಹೊಳಪು ಬೇಕು ಅಂದ್ರೆ ಇದೇ. ಆದ್ರೆ ಕೈ ಪಳಗಿರ್ಬೇಕು.”

“ದಿನಕ್ಕೆ ಐವತ್ತು ಕನ್ನಡಕ ಒರೆಸೋ ಕೈ ಕಣಪ್ಪ ಇದು!”

“ಆದ್ರೂ ಮೂರು ಮಾತು ನೆನಪಿಡಿ. ತೆಳ್ಳಗೆ ಹಚ್ಚಿ. ನೆರಳಲ್ಲಿ ಹಚ್ಚಿ. ಒಂದು ಭಾಗ ಹಚ್ಚಿ ಒರೆಸಿದ ಮೇಲೇ ಇನ್ನೊಂದಕ್ಕೆ ಹೋಗಿ.”

ಕನ್ನಡಕದಣ್ಣ ಮುಚ್ಚಳ ತೆಗೆದು ಮೂಸಿ ನೋಡಿದ. ಜೇನಿನ ನಸುವಾಸನೆ. ಆ ಸಂತೋಷದಲ್ಲಿ ಮನೆ ತಲುಪುವಷ್ಟರಲ್ಲಿ ಮೂರು ಮಾತುಗಳಲ್ಲಿ ಎರಡು ದಾರಿಯಲ್ಲೇ ಉದುರಿಹೋಗಿದ್ದವು.

ಮೊದಲು ತೊಳೆಯುವ ಕೆಲಸ. ಹೆಂಡತಿ ಬಕೆಟ್ಟು ತಂದುಕೊಟ್ಟು ಪಕ್ಕದಲ್ಲೇ ನಿಂತಳು. ಅವನು ಕಾರಿನ ಮಾಡಿನ ಮೇಲೆ ಅಂಟಿದ್ದ ಗೋಂದನ್ನು ಉಗುರಿನಿಂದ ಕೆರೆಯತೊಡಗಿದ.

“ಅದು ಗುಡ್ಡದ ಮರದ್ದು ಅಲ್ವಾ? ಅದರಡಿ ನಿದ್ದೆ ಮಾಡಿ ಗೊರಕೆ ಹೊಡೆದಿದ್ರಿ ನೀವು,” ಎಂದು ಅವಳು ನಕ್ಕಳು.

ಎಡಬಾಗಿಲಿನ ಮೇಲೆ ನದಿ ದಾರಿಯ ಮುಳ್ಳು ಗೀರಿದ ಉದ್ದನೆಯ ಗೆರೆ. ಚಕ್ರದ ಮೇಲೆ ಮೂರು ಬಣ್ಣದ ಕೆಸರು. ಬಾನೆಟ್ಟಿನ ಮೇಲೆ ಪುಟ್ಟಿಯ ಎರಡು ಅಂಗೈ. ಕಡಲ ನೀರಿನಲ್ಲಿ ಅದ್ದಿ ಒತ್ತಿದ್ದು, ಉಪ್ಪಾಗಿ ಒಣಗಿ ಹಾಗೇ ಉಳಿದಿತ್ತು.

“ರೀ, ಅದೊಂದು ಇರಲಿ ಬಿಡಿ. ಎಷ್ಟು ಚೆನ್ನಾಗಿದೆ.”

“ಚೆನ್ನಾಗಿದೆ ಅಂತ ನಿಮ್ಮಪ್ಪ ಬಿಡ್ತಾರೇನೇ? ಹದಿನೆಂಟು ವರ್ಷ ನೊಣ ಕೂರೋಕೂ ಬಿಟ್ಟಿಲ್ಲ ಆ ಮನುಷ್ಯ!” ಎಂದು ಅವನು ಅಂಗೈಗಳ ಮೇಲೆ ನೀರು ಸುರಿದುಬಿಟ್ಟ. ಹೆಂಡತಿಗೆ ಬೇಸರವಾಯಿತು. ಅವನಿಗೂ ಸ್ವಲ್ಪ ಚುರುಕ್ಕೆಂದಿತು, ಆದರೆ ಗಡಿಯಾರ ನೋಡಿ ಮತ್ತೆ ಬಕೆಟ್ಟಿಗೆ ಕೈ ಹಾಕಿದ.

ಬಕೆಟ್ಟಿನ ಸದ್ದು ಕೇಳಿದರೆ ಎದುರುಮನೆಯ ಡ್ರಿಲ್ ಮೇಷ್ಟ್ರಿಗೆ ಒಳಗೆ ಕೂರಲಾಗದು. ಶಾಲೆ ಬಿಟ್ಟು ಆರು ವರ್ಷವಾದರೂ ಅವರ ಕೊರಳಿನಿಂದ ಸೀಟಿ ಇಳಿದಿರಲಿಲ್ಲ.

“ಏನಪ್ಪಾ ಇದು, ನೆರಳಲ್ಲಿ ನಿಲ್ಲಿಸಿದೀಯ? ಮೇಣ ಒಣಗೋಕೆ ಸಂಜೆಯಾಗತ್ತೆ. ಬಿಸಿಲಿಗೆ ತೆಗಿ!”

“ಅಂಗಡಿಯವನು ಬಿಸಿಲಿನ ವಿಷಯ ಏನೋ ಹೇಳಿದ್ದ ಮೇಷ್ಟ್ರೇ...”

“ಬಿಸಿಲಲ್ಲೇ ಅಂತ ಹೇಳಿರ್ತಾನೆ. ಬಟ್ಟೆ ನೆರಳಲ್ಲಿ ಒಣಗಿಸ್ತಾರೇನು? ಒಂದ್, ಎರಡ್! ತಳ್ಳು!”

ಕಾರು ಬಿಸಿಲಿಗೆ ಬಂತು. ಮೇಷ್ಟ್ರು ಸೀಟಿ ಊದಿದರು, ಕನ್ನಡಕದಣ್ಣ ಹಚ್ಚಿದ. ಬಾನೆಟ್ಟು, ಬಾಗಿಲು, ಮಾಡು, ಡಿಕ್ಕಿ, ಎಲ್ಲೂ ನಿಲ್ಲಲಿಲ್ಲ. ತೆಳ್ಳಗೆ ಎಂಬ ಮಾತು ಅವನಿಗೆ ನೆನಪಿತ್ತು, ಆದರೆ ಮಾವನ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಕೈ ತಾನಾಗಿ ಇನ್ನೊಂದಿಷ್ಟು ಬಳಿಯುತ್ತಿತ್ತು. ಹನ್ನೊಂದೂವರೆಗೆ ಇಡೀ ಕಾರು ಮುಗಿಯಿತು. “ಈಗ ವಿಶ್ರಾಮ್,” ಎಂದು ಅಪ್ಪಣೆ ಕೊಟ್ಟು ಮೇಷ್ಟ್ರು ಊಟಕ್ಕೆ ಹೋದರು. ಅವನೂ ಹೋದ. ಉಂಡ ಮೇಲೆ ಐದು ನಿಮಿಷ ಎಂದು ಮಲಗಿದವನು ಎದ್ದಾಗ ಎರಡು ಗಂಟೆ.

ಹೊರಗೆ ಬಂದು ನೋಡಿದರೆ ಕಡುಗೆಂಪು ಕಾರಿಲ್ಲ. ಅದರ ಜಾಗದಲ್ಲಿ ಸುಣ್ಣ ಬಳಿದ ಗೋಡೆಯಂಥದ್ದೊಂದು ನಿಂತಿತ್ತು. ಬೆರಳಿಟ್ಟು ಉಜ್ಜಿದ, ಹೋಗಲಿಲ್ಲ. ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆ ತೆಗೆದು ಜೀವ ಹೋಗುವಂತೆ ತಿಕ್ಕಿದ. ಕಾಲು ಗಂಟೆಯಲ್ಲಿ ಅಂಗೈಯಗಲದ ಜಾಗ ಮಾತ್ರ ಕೆಂಪಗಾಯಿತು. ಹೀಗೇ ಹೋದರೆ ಮುಂದಿನ ಭಾನುವಾರಕ್ಕೆ ಮುಗಿಯಬಹುದಿತ್ತು.

“ಒಣಗಿದೆಯಲ್ಲ, ನಾನು ಹೇಳಲಿಲ್ವಾ?” ಎಂದರು ಮೇಷ್ಟ್ರು ಹೆಮ್ಮೆಯಿಂದ.

“ಒಣಗಿರೋದಲ್ಲ ಮೇಷ್ಟ್ರೇ, ಕಲ್ಲಾಗಿದೆ!”

ಅವನ ದನಿ ಕೇಳಿ ಪಕ್ಕದ ಮನೆಯ ಬಡಗಿ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಬಂದ. ಉಗುರಿನಿಂದ ಗೀಚಿದ, ಮೂಸಿದ, ಡಬ್ಬಿ ತಿರುಗಿಸಿ ನೋಡಿದ.

“ಇಂಥದ್ದನ್ನ ನಾನು ಮೇಜಿಗೆ ಹಚ್ತೀನಿ ಕನ್ನಡಕದಣ್ಣ. ಮೇಣಕ್ಕೆ ಮೇಣವೇ ಮದ್ದು. ಅದರ ಮೇಲೇ ಇನ್ನೊಂದು ಕೈ ಹಚ್ಚು. ಹೊಸದು ಹಳೇದನ್ನ ಮೆತ್ತಗೆ ಮಾಡತ್ತೆ. ತಕ್ಷಣ ಒರೆಸಿಬಿಡು. ಆದ್ರೆ ಮೊದಲು ಈ ಬಿಸಿಲಿಂದ ತೆಗಿ, ಯಾವ ಪುಣ್ಯಾತ್ಮ ಇಲ್ಲಿ ನಿಲ್ಲಿಸಿದ್ದು?”

ಪುಣ್ಯಾತ್ಮರು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟು ತಳ್ಳಲು ಹೆಗಲು ಕೊಟ್ಟರು.

ನೆರಳಿನಲ್ಲಿ ಮೂವರೂ ಕೂಡಿದರು. ಬಡಗಿ ಹಚ್ಚುವುದು, ಕನ್ನಡಕದಣ್ಣ ಒರೆಸುವುದು, ಮೇಷ್ಟ್ರು ಮೆತ್ತನೆ ಬಟ್ಟೆಯಿಂದ ತಿಕ್ಕುವುದು. ಹೆಂಡತಿ ಹಳೇ ಟವೆಲುಗಳನ್ನೆಲ್ಲ ಹರಿದು ಕೊಟ್ಟಳು. ಬಡಗಿಯ ಮಾತು ನಿಜವಾಯಿತು. ಬಿಳಿ ಕರಗಿದ ಕಡೆಯಲ್ಲೆಲ್ಲ ಕೆಂಪು ಮೇಲೆದ್ದು ಬಂತು, ಅದೂ ಎಂಥ ಕೆಂಪು! ಮುಳ್ಳಿನ ಗೀರು ಹುಡುಕಿದರೂ ಸಿಗದಂತೆ ಮೇಣದೊಳಗೆ ಮುಳುಗಿಹೋಯಿತು. ನಾಲ್ಕೂಮುಕ್ಕಾಲಿಗೆ ಕನ್ನಡಕದಣ್ಣ ಬಾನೆಟ್ಟಿನಲ್ಲಿ ಬಗ್ಗಿ ನೋಡಿಕೊಂಡ. ತನ್ನ ಮೂಗಿನ ಮೇಲಿನ ಮಚ್ಚೆಯೂ ಕಾಣಿಸಿತು. ಅಷ್ಟು ಸಂತೋಷ ಅವನಿಗೆ ಅಂಗಡಿ ತೆರೆದ ದಿನವೂ ಆಗಿರಲಿಲ್ಲ.

ಗೆಳೆಯರಿಬ್ಬರಿಗೂ ಚಹಾ ಕೊಟ್ಟು ಮೆಲ್ಲನೆ ಹೇಳಿದ. “ನಮ್ಮ ಮಾವ ಏನಾದ್ರೂ ಕೇಳಿದ್ರೆ, ಇವನು ಗಾಡಿ ಆಚೆ ತೆಗೆಯೋದೇ ಇಲ್ಲ, ಕಣ್ಣಿನ ಗೊಂಬೆ ಹಾಗೆ ಕಾಪಾಡ್ತಾನೆ ಅಂದ್ಬಿಡಿ.”

“ಅಷ್ಟೇ ತಾನೇ? ನಮಗೆ ಬಿಡು,” ಎಂದರು ಮೇಷ್ಟ್ರು. ಬೆಳಗಿನ ತಪ್ಪು ತೊಳೆದುಕೊಳ್ಳಲು ಅವರಿಗೂ ಒಂದು ಅವಕಾಶ ಬೇಕಿತ್ತು.

ಐದಕ್ಕೆ ಸರಿಯಾಗಿ ಮಾವ ಬಂದಿಳಿದರು. ಷಡ್ಡಕನೇ ತನ್ನ ಮೋಟರ್‌ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದಿದ್ದ. ಅವನ ಅಂಗಿಯಲ್ಲಿ ಎರಡು ಗುಂಡಿ ಇರಲಿಲ್ಲ, ತಲೆಯಲ್ಲಿ ಧೂಳಿತ್ತು. ಅವನನ್ನು ನೋಡಿ ಕನ್ನಡಕದಣ್ಣನಿಗೆ ಕನಿಕರವೇ ಆಯಿತು.

ಮಾವ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮುಂದೆ ನಿಂತು ಮೀಸೆ ತಿರುವಿ ನೋಡಿಕೊಂಡರು. ಮಾಡಿನ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿದರು. ಧೂಳಿಲ್ಲ.

“ಆರು ತಿಂಗಳಲ್ಲಿ ಎಲ್ಲೆಲ್ಲಿಗೆ ಹೋಗಿದ್ರಿ ಅಳಿಯಂದಿರೇ?”

ಕನ್ನಡಕದಣ್ಣ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದೆಯುಬ್ಬಿಸಿ ಮುಂದೆ ಬಂದರು. “ಎಲ್ಲಿಗೂ ಇಲ್ಲ ಸಾರ್! ನಾನು ಎದುರುಮನೆಯವನು, ಕಣ್ಣಾರೆ ಕಂಡಿದೀನಿ. ಗಾಡಿ ಈ ಗೇಟು ದಾಟಿದ್ರೆ ಕೇಳಿ.”

“ಹೊದಿಕೆ ತೆಗೆದದ್ದನ್ನೇ ನಾನು ನೋಡಿಲ್ಲ ಯಜಮಾನ್ರೇ,” ಎಂದು ಬಡಗಿ ದನಿಗೂಡಿಸಿದ.

ಕನ್ನಡಕದಣ್ಣ ವಿನಯದಿಂದ ತಲೆ ತಗ್ಗಿಸಿದ. ಮಾವ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಮುಖ ಬಾಡಿಹೋಗಿತ್ತು.

“ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ರಲ್ಲ. ಊರವರನ್ನೆಲ್ಲ ರೈಲು ಹತ್ತಿಸಿ ಊರೂರಿಗೆ ಕಳಿಸ್ದೆ. ಹದಿನೆಂಟು ವರ್ಷದಲ್ಲಿ ನಿಮ್ಮತ್ತೆ ಈ ಕಾರಲ್ಲಿ ಕೂತಿದ್ದು ನಾಲ್ಕೇ ಸಲ. ಅವಳಿಗೆ ಕಡಲು ನೋಡೋ ಆಸೆ ಇತ್ತು. ಬಣ್ಣಕ್ಕೆ ಉಪ್ಪುಗಾಳಿ ಆಗಲ್ಲ ಅಂತ ನಾನೇ ಬೇಡ ಅಂದೆ. ಕಾರನ್ನ ಓಡಿಸೋರಿಗೆ ಕೊಡಿ, ಒರೆಸೋರಿಗೆ ಕೊಡ್ಬೇಡಿ ಅಂತ ಅವಳೇ ಹೇಳಿದ್ದು. ದೊಡ್ಡ ಅಳಿಯಂದಿರು ತಂದಾಗ ಅದರ ಮೈಮೇಲಿನ ಮಣ್ಣು ನೋಡಿ ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಅಷ್ಟು ಸಂತೋಷ ಆಗಿತ್ತು.”

ಕನ್ನಡಕದಣ್ಣ ಮಾವನ ಮುಂದೆ ಓಡಿ ಬಂದ. “ಮಾವಾ, ನಾವೂ ಹೋಗಿದ್ವಿ! ನದಿಗೆ, ಗುಡ್ಡಕ್ಕೆ, ಕಡಲಿಗೆ!”

“ಎಲ್ಲಿ, ಒಂದು ಗುರುತು ತೋರಿಸಿ ನೋಡೋಣ.”

ಅವನು ಓಡಿ ಎಡಬಾಗಿಲು ನೋಡಿದ. ಗೀರಿಲ್ಲ. ಮಾಡು ನೋಡಿದ. ಗೋಂದಿಲ್ಲ. ಬಾನೆಟ್ಟಿನಲ್ಲಿ ಅವನ ಪೆಚ್ಚುಮುಖ ಮಾತ್ರ ಸ್ಪಷ್ಟವಾಗಿ ಕಂಡಿತು. ಮೀಟರಂತೂ ಹದಿನೇಳು ವರ್ಷದಿಂದ ಸುಮ್ಮನಿತ್ತು.

“ಹೌದಪ್ಪಾ, ನಿಜವಾಗ್ಲೂ ಹೋಗಿದ್ವಿ,” ಎಂದಳು ಹೆಂಡತಿ.

“ಗಂಡನ್ನ ಬಿಟ್ಟುಕೊಡಬಾರದು ಅಂತ ಹೇಳ್ತಿದೀಯ. ಒಳ್ಳೇ ಮಗಳು ನೀನು,” ಎಂದು ಮಾವ ಅವಳ ತಲೆ ಸವರಿದರು.

“ಮೇಷ್ಟ್ರೇ, ನಿಜ ಹೇಳ್ಬಿಡಿ!” ಎಂದು ಕನ್ನಡಕದಣ್ಣ ಗೋಗರೆದ.

ಮೇಷ್ಟ್ರು ಅವನಿಗೆ ಗುಟ್ಟಾಗಿ ಕಣ್ಣು ಮಿಟುಕಿಸಿ, ಕೊಟ್ಟ ಮಾತಿಗೆ ತಪ್ಪುವವರು ತಾವಲ್ಲವೆಂಬಂತೆ, “ಆಣೆ ಮಾಡಿ ಹೇಳ್ತೀನಿ ಸಾರ್, ಗಾಡಿ ಒಂದಡಿ ಕದಲಿಲ್ಲ!” ಎಂದರು.

ಕೀಲಿಕೈ ಷಡ್ಡಕನ ಕೈಗೆ ಹೋಯಿತು, ಅವನ ಮೋಟರ್‌ ಸೈಕಲ್ಲು ನಾಳೆಯವರೆಗೆ ಗೇಟಿನ ಬಳಿಯೇ ಉಳಿಯಿತು. ಮಾವ ಕಾರಿನ ಬಾಗಿಲು ತೆಗೆದವರು ಏನೋ ನೆನಪಾಗಿ ತಿರುಗಿದರು. ಮುಖದಲ್ಲಿ ಮತ್ತೆ ಗೆಲುವು ಬಂದಿತ್ತು.

“ಆದ್ರೆ ಹೊಳಪು ಮಾತ್ರ ಭೇಷ್! ನನ್ನ ಕೈಲೂ ಹೀಗೆ ಬಂದಿರಲಿಲ್ಲ. ದೊಡ್ಡ ಅಳಿಯಂದಿರೇ, ತಿಂಗಳಿಗೊಂದು ಭಾನುವಾರ ಗಾಡಿನ ಇಲ್ಲಿಗೆ ತಂದುಬಿಡಿ. ತಿರುಗಾಟ ನಿಮ್ಮದು, ಮೇಣ ಇವರದು.”

“ಖಂಡಿತ!” ಎಂದ ಷಡ್ಡಕ, ಹೊಳೆಯುವ ಬಾಗಿಲಿಗೆ ಎಣ್ಣೆಗೈ ಒತ್ತಿ. ಕಾರು ತಿರುವಿನಲ್ಲಿ ಮರೆಯಾಯಿತು. ಇಳಿಬಿಸಿಲಿನಲ್ಲಿ ಅದು ಹೊಳೆದದ್ದನ್ನು ನೋಡಿ, ಇಂಗು ತಿಂದ ಮಂಗನ ಹಾಗೆ ನಿಂತಿದ್ದ ಕನ್ನಡಕದಣ್ಣನಿಗೂ ಒಳಗೊಳಗೆ ಹೆಮ್ಮೆಯಾಯಿತು. ಕೆಲಸ ಚೆನ್ನಾಗಿಯೇ ಆಗಿತ್ತು.

ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಅವಳು. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಪುಟ್ಟಿ ಆಗಲೇ ಸ್ಕೂಟರಿನ ಮುಂದೆ ನಿಂತು, ಪೇಟೆಗಾದರೂ ಹೋಗೋಣವೆಂದು ಹಾರ್ನು ಒತ್ತುತ್ತಿದ್ದಳು. ಕೆಸರು ಮೆತ್ತಿದ ಸ್ಕೂಟರನ್ನು ನೋಡಿ, ಡಬ್ಬಿಯಲ್ಲಿ ಉಳಿದಿದ್ದ ಮೇಣ ನೋಡಿ, ಅವನು ಬಟ್ಟೆಯ ತುದಿಯನ್ನು ಡಬ್ಬಿಯೊಳಗೆ ಅದ್ದಿದ. ಹೆಂಡತಿ ಹಾರಿ ಬಂದು ಅವನ ಕೈ ಹಿಡಿದುಕೊಂಡಳು.

“ರೀ, ಬೇಡ! ಇದಾದ್ರೂ ನಮ್ಮ ಮನೇಲಿರ್ಲಿ.”