ಗೇಟಿನೊಳಗಿನ ಜಗುಲಿ

ನಾನು ಓದು ನಿಲ್ಲಿಸಿದ್ದು ೧೯೮೭ರಲ್ಲಿ, ಏಳನೇ ಕ್ಲಾಸಿಗೆ. ಅದೇ ವಾರ ಹಲಸೂರಿನಲ್ಲಿ ಗಾರೆ ಕಲಸಲು ನಿಂತೆ. ಈಗ ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದೇಕೆಂದರೆ, ಮುಂದೆ ನಾನು ಮಾಡಿದ ತಪ್ಪಿಗೆ ಓದದಿದ್ದದ್ದು ಕಾರಣವಲ್ಲ. ಇಂಥ ತಪ್ಪು ಮಾಡಲು ಅನುಭವ ಬೇಕು.

ಹಲಸೂರಿನ ಹಳೆಯ ಮನೆಗಳ ಮುಂದೆ ಬೀದಿಗೆ ಮುಖ ಮಾಡಿದ ಜಗುಲಿಗಳಿದ್ದವು. ಕಾರು ನಿಲ್ಲಿಸಲು ಜಾಗ ಬೇಕೆಂದವರಿಗೆಲ್ಲ ಅವನ್ನು ಒಡೆದುಕೊಟ್ಟವನು ನಾನೇ. ನೀಟಾಗಿ ಒಡೆದೆ, ಒಬ್ಬರ ಹೊಸ್ತಿಲೂ ಬಿರುಕು ಬಿಡಲಿಲ್ಲ. ಆಮೇಲೆ ಅಲ್ಲಿಯ ಬಾಡಿಗೆ ಮನೆ ಬಿಟ್ಟು ರಾಮಮೂರ್ತಿ ನಗರದಲ್ಲಿ ಸ್ವಂತ ಮನೆ ಕಟ್ಟಿದೆ. ಮೂರು ಮಹಡಿ, ಕತ್ತಿನ ಮಟ್ಟದ ಕಾಂಪೌಂಡು, ಸ್ಟೀಲ್ ಗೇಟು. ಅಲ್ಲಿಗೆ ಬಂದ ಮೇಲೆ ನನ್ನ ಹೆಂಡತಿ ಜಯಮ್ಮ ಮಾತು ಕಡಿಮೆ ಮಾಡಿದಳು. ಮೊದಲ ತಿಂಗಳು ಇದು ಹೊಸ ಮನೆಯ ವಾಸ್ತುವಿನ ಫಲವೆಂದೇ ಸಂತೋಷಪಟ್ಟೆ. ಎರಡನೇ ತಿಂಗಳು ಊಟವನ್ನೂ ಕಡಿಮೆ ಮಾಡಿದಾಗ ಹೆದರಿಕೆಯಾಯಿತು.

"ಏನಾಯ್ತೇ ನಿಂಗೆ?" ಎಂದೆ.

"ಅಲ್ಲಿ ಜಗುಲಿ ಮೇಲೆ ಸೊಪ್ಪು ಬಿಡಿಸ್ತಾ ಕೂತ್ರೆ ಮೂರು ಜನ ಬಂದು ಕೈ ಹಾಕೋರು. ಇಲ್ಲಿ ಎದುರುಮನೆಯವ್ರ ಹೆಸ್ರೂ ಗೊತ್ತಿಲ್ಲ ಕಣ್ರೀ."

ಮೇಸ್ತ್ರಿಗೆ ಇದೊಂದು ಕಷ್ಟವೇ? ಎರಡು ಭಾನುವಾರ ಕೂತು ಜಗುಲಿ ಕಟ್ಟಿಯೇಬಿಟ್ಟೆ. ಒರಗಲು ಇಳಿಜಾರು, ಮೇಲೆ ಮುಖ ಕಾಣುವಷ್ಟು ಉಜ್ಜಿದ ರೆಡ್ ಆಕ್ಸೈಡು. ಜಯಮ್ಮ ಮೊರ ಹಿಡಿದು ವಾರವಿಡೀ ಕುಳಿತಳು. ಒಂದು ನರಪಿಳ್ಳೆಯೂ ಬರಲಿಲ್ಲ. ಸೈಟಿನ ಒಂದಿಂಚನ್ನೂ ಬೀದಿಗೆ ಬಿಡದೆ ಕಟ್ಟುವ ಅಭ್ಯಾಸಬಲದಿಂದ ನಾನು ಜಗುಲಿಯನ್ನು ಗೇಟಿನೊಳಗೆ ಕಟ್ಟಿದ್ದೆ. ಬೀದಿಯವರಿಗೆ ಕಾಣುತ್ತಿದ್ದದ್ದು ಅವಳ ತುರುಬು ಮಾತ್ರ.

ಎದುರುಮನೆಗೆ ಶಿವಾಜಿನಗರದಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು ಕೊನೆಗೆ ಕಾಂಪೌಂಡಿನ ಮೇಲಿಂದ ಇಣುಕಿದರು. "ಜೈಲು ಚೆನ್ನಾಗಿದೆ ಅಕ್ಕಾ. ಭೇಟಿಗೆ ಟೈಮ್ ಎಷ್ಟೊತ್ತಿಗೆ?"

ಜಯಮ್ಮ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿದ್ದು ಅದೇ ಮೊದಲು. ಆದರೂ ನನಗೆ ಉರಿಯಿತು. "ಜೈಲಲ್ಲಮ್ಮಾ, ಗೇಟು ಅದು, ಹದಿನಾರು ಗೇಜ್ ದಪ್ಪದ ಸ್ಟೀಲು!"

"ಅದೇ ಹೇಳಿದ್ದು ಭಯ್ಯಾ. ನಮ್ಮ ಕೈಲಿ ತಳ್ಳೋಕಾಗಲ್ಲ."

ಮರುದಿನ ಬೆಳಿಗ್ಗೆಯೇ ಗೇಟು ಕಿತ್ತು, ಕಾಂಪೌಂಡು ಒಡೆದೆ. ಊರಿನವರ ಜಗುಲಿಗಳನ್ನು ನೀಟಾಗಿ ಒಡೆದಿದ್ದ ನಾನು ನನ್ನದೇ ಗೋಡೆಯ ಮೇಲೆ ಸುತ್ತಿಗೆಯನ್ನು ಅಡ್ಡಾದಿಡ್ಡಿ ಬೀಸಿದೆ. ಜಯಮ್ಮ ನೀರು ತಂದುಕೊಟ್ಟಳು. "ನಿಧಾನಕ್ಕೆ ಒಡೀರಿ," ಎಂದಳು, "ಜಗುಲಿಗೆ ಏಟು ಬಿದ್ದೀತು."

ಈಗ ನನ್ನಲ್ಲಿರುವುದು ಇಷ್ಟು: ಮನೆ ಒಂದು, ಜಗುಲಿ ಒಂದು, ಸಂಜೆಯಾದರೆ ಅದರ ಮೇಲೆ ಹೆಂಗಸರು ಆರು, ಅವರ ಮಾತು ಮುಗಿಯುವ ತನಕ ನಾನು ಕೂರಲು ಟೆರೇಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಒಂದು.