ಡೀಸೆಲ್ ಎಂಜಿನ್ನಿನ ಶಿಳ್ಳೆ

ಸರ್ಕಾರಿ ಹಳಿಯ ಮೇಲೆ ಓಡುವ ಯಾವ ಎಂಜಿನ್ನೂ ಶಿಳ್ಳೆ ಹಾಕದೆ ಮುಂದಕ್ಕೆ ಚಲಿಸತಕ್ಕದ್ದಲ್ಲ. ಲೋಕಾಪುರದ ಕಲ್ಲುಗಣಿಯಿಂದ ಅನಗವಾಡಿಯ ಹೊಳೆದಂಡೆಗೆ ಕಲ್ಲು ಸಾಗಿಸುತ್ತಿದ್ದ ಕಿರುರೈಲು ಕಚೇರಿಯಲ್ಲಿ ಈ ನಿಯಮವನ್ನು ಗೋಡೆಗೇ ಬರೆಸಿದ್ದರು. ಉಗಿ ಎಂಜಿನ್ ಇರುವತನಕ ತೊಂದರೆಯಾಗಲಿಲ್ಲ. ಅದು ಬೇಡವೆಂದರೂ ಕೂಗುತ್ತಿತ್ತು. ಅರವತ್ತೊಂದರಲ್ಲಿ ಅದರ ಜಾಗಕ್ಕೆ ಮೋಟು ಮೂಗಿನ ಡೀಸೆಲ್ ಎಂಜಿನ್ ಬಂತು. ಅದಕ್ಕೆ ಹಾರನ್ನೇ ಇರಲಿಲ್ಲ. ಹಿಂದಿನಿಂದ ಕಳಿಸುತ್ತೇವೆ ಎಂದು ಕಂಪನಿಯವರು ತಿಳಿಸಿದ್ದರು. ಹಿಂದಿನಿಂದ ಬರುವ ಸಾಮಾನು ಎಷ್ಟು ಹಿಂದಿನಿಂದ ಬರುತ್ತದೆಂದು ಬಲ್ಲ ಮೇಲ್ವಿಚಾರಕ ಪರಮಾನಂದ ಸಾಹೇಬರು, ಅನಗವಾಡಿಯ ಕುರಿಗಾರ ಅಮಸಿದ್ದಪ್ಪನನ್ನು ಕರೆಸಿದರು. ಅವನು ಈ ದಂಡೆಯಲ್ಲಿ ಶಿಳ್ಳೆ ಹಾಕಿದರೆ ಆಚೆ ದಂಡೆಯ ಕುರಿಗಳು ತಿರುಗಿ ನೋಡುತ್ತಿದ್ದವು.

“ಕೆಲಸ ಏನ್ರಿ ಸಾಹೇಬ್ರ, ಶಿಳ್ಳಿ ಹಾಕೂದಾ?”

“ಹಾಕೂದಲ್ಲಪಾ. ನೀನ ಶಿಳ್ಳಿ.”

ಶಿಳ್ಳೆ ಹಾಕುವ ಹುದ್ದೆಗೆ ಮಂಜೂರಾತಿ ಇರಲಿಲ್ಲ, ಬಿಡಿಭಾಗಕ್ಕೆ ಇತ್ತು. ಆದಕಾರಣ ಅಮಸಿದ್ದಪ್ಪನನ್ನು ಎಂಜಿನ್ನಿನ ಒಂದು ಭಾಗವೆಂದು ಪರಿಗಣಿಸಲಾಯಿತು. ಅವನಿಗೇನೂ ಬೇಸರವಾಗಲಿಲ್ಲ. ಬೀರೇಶ್ವರನಿಗೆ ಕೈಮುಗಿದು ಎಂಜಿನ್ನಿನ ಮೂಗಿನ ಮೇಲೆ ಕಂಬಳಿ ಹಾಸಿ ಕೂತ. ಕಬ್ಬಿನ ಹೊಲಗಳ ನಡುವೆ ಎಂಜಿನ್ ಕಲ್ಲಿನ ಡಬ್ಬಿಗಳನ್ನು ಎಳೆಯುತ್ತ ಏದುಸಿರು ಬಿಟ್ಟರೆ, ಗಾಡಿದಾರಿ ಅಡ್ಡ ಬಂದಲ್ಲೆಲ್ಲ ಇವನು ಎರಡು ಬೆರಳು ಬಾಯಿಗಿಟ್ಟು ಊದುತ್ತಿದ್ದ. ವರ್ಷಕ್ಕೊಮ್ಮೆ ಎಂಜಿನ್ನಿಗೆ ಬಣ್ಣ ಹಚ್ಚುವಾಗ ಅವನ ಅಂಗಿಗೂ ಒಂದು ಕೈ ಹಳದಿ ಬಳಿಯುತ್ತಿದ್ದರು. ಅವನಿಗೆ ಕೆಮ್ಮು ಬಂದಾಗ, ಹೆಂಡತಿ ತಂಗೆವ್ವ ಕುದಿಸಿದ ಕಷಾಯಕ್ಕೆ ಸಾಹೇಬರು ಕೀಲೆಣ್ಣೆಯ ಬಾಬತ್ತಿನಲ್ಲಿ ಬೆಲ್ಲ ಕೊಡಿಸಿದರು. ಅದೇ ಬಾಬತ್ತಿನಲ್ಲಿ ಸಾಹೇಬರ ಮನೆಗೆ ತುಪ್ಪವೂ ಹೋಯಿತು.

ಹೀಗೆ ಇಪ್ಪತ್ತು ವರ್ಷ ಸುಖವಾಗಿ ಕಳೆದವು. ಆಮೇಲೆ ಅಮಸಿದ್ದಪ್ಪನ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ತಂಗೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು.

“ಹಲ್ಲ ಹೋದ್ರ ಶಿಳ್ಳಿ ಹೋತು, ಶಿಳ್ಳಿ ಹೋದ್ರ ರೊಟ್ಟಿ ಹೋತು. ಇದ್ದ ಕುರಿ ಮಾರಿ ಇವರ ಬೆನ್ನ ಹತ್ತೀರಿ. ಹೋಗಿ ಪಿಂಚಣಿ ಕೇಳ್ರಿ.”

ಅವನು ಹೋಗಿ ಕೇಳಿದ.

“ಬಿಡಿಭಾಗಕ್ಕ ಪಿಂಚಣಿ ಇಲ್ಲೋ, ದುರಸ್ತಿ ಐತಿ,” ಎಂದರು ಸಾಹೇಬರು.

ಅವರು ಆಡಿದಂತೆ ನಡೆಯುವವರು. ಹಲ್ಲು ಬಿದ್ದ ಕೂಡಲೇ ಜಮಖಂಡಿಯಿಂದ ಕಟ್ಟುಹಲ್ಲು ಮಾಡಿಸಿ ತರಿಸಿದರು. ಸರ್ಕಾರಿ ಸೊತ್ತಾದ್ದರಿಂದ ಅದನ್ನು ಸಂಜೆ ಉಗ್ರಾಣಕ್ಕೆ ಒಪ್ಪಿಸಿ ಬೆಳಿಗ್ಗೆ ಪಡೆಯತಕ್ಕದ್ದು ಎಂದು ಆಜ್ಞೆಯಾಯಿತು. ತಂಗೆವ್ವ ರಾತ್ರಿಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡತೊಡಗಿದಳು. ಬೈಗುಳವನ್ನು ಮಾತ್ರ ನೆನೆಸದೆಯೇ ಕೊಟ್ಟಳು.

ಎಂಬತ್ತಾರರ ಹೊತ್ತಿಗೆ ಕಲ್ಲೆಲ್ಲ ಲಾರಿಯಲ್ಲಿ ಹೋಗತೊಡಗಿ ಎಂಜಿನ್ ಮೂಲೆ ಸೇರಿತು. ಅದನ್ನು ಸಕಲ ಬಿಡಿಭಾಗಗಳೊಂದಿಗೆ ಹರಾಜಿಗೆ ಇಟ್ಟರು. ಬನಹಟ್ಟಿಯ ಗುಜರಿ ವ್ಯಾಪಾರಿ ಹಾಲಸಿದ್ದಪ್ಪ ಕೊಂಡ. ಎಂಜಿನ್ನನ್ನು ಲಾರಿಗೆ ಏರಿಸಿ ಭಾಗಗಳನ್ನೆಲ್ಲ ಪಟ್ಟಿಯೊಂದಿಗೆ ತಾಳೆ ನೋಡಿದ ಮೇಲೆ ಅವನು ಕೇಳಿದ: “ಶಿಳ್ಳಿ ಎಲ್ಲೈತ್ರಿ?”

ಸಾಹೇಬರು ಅಮಸಿದ್ದಪ್ಪನತ್ತ ಬೆರಳು ತೋರಿಸಿದರು.

ತಂಗೆವ್ವ ಅಡ್ಡ ಬಂದು ನಿಂತಳು. “ನನ್ನ ಗಂಡನ್ನ ಗುಜರಿಗಿ ಹಾಕ್ತೀರೇನ್ರಿ? ಅಂವಾ ಮನಶ್ಯಾ ಅದಾನ!”

ಸಾಹೇಬರು ಅವಳ ಹತ್ತಿರ ಬಂದು ದನಿ ತಗ್ಗಿಸಿದರು. “ಹಂಗ ಅನಬ್ಯಾಡ ತಂಗಿ. ಮನಶ್ಯಾ ಅಂತಾದ್ರ, ಹುದ್ದೆ ಇಲ್ದ ಇಷ್ಟ ವರ್ಷ ದುಡಿಸಿದವರು ಯಾರು ಅಂತ ಕೇಳ್ತಾರ. ಬರೂ ತಿಂಗಳ ನಾ ರಿಟಾಯರ್ ಆಗಾಕತ್ತೇನಿ. ನನ್ನ ಪಿಂಚಣಿ ಹೋಗತೈತಿ.” ಅವರ ಕಣ್ಣಲ್ಲಿ ಖರೆಯೇ ನೀರಿತ್ತು.

ಪಿಂಚಣಿ ಸಿಗದವನ ಸಂಕಟ ಅಮಸಿದ್ದಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ಹೋಗ್ಲಿ ಬಿಡ್ರಿ ಸಾಹೇಬ್ರ, ಅಳಬ್ಯಾಡ್ರಿ,” ಎಂದವನೇ ಲಾರಿ ಹತ್ತಿ ಎಂಜಿನ್ನಿನ ಮೂಗಿನ ಮೇಲೆ ಕೂತ. ಸಾಮಾನು ಸರಿಹೋಯಿತೆಂದು ಹಾಲಸಿದ್ದಪ್ಪ ತಲೆಯಾಡಿಸಿದ.

ತಂಗೆವ್ವ ಸೆರಗನ್ನು ಸೊಂಟಕ್ಕೆ ಬಿಗಿದು ತಾನೂ ಹತ್ತಿ ಗಂಡನ ಪಕ್ಕ ಕೂತಳು. ಹರಾಜಿನಲ್ಲಿ ಇಲ್ಲದ ವಸ್ತು ಕಚೇರಿಯ ಗೇಟು ದಾಟುವಂತಿರಲಿಲ್ಲ. ಸಾಹೇಬರು ಯೋಚಿಸಿದರು, ವ್ಯಾಪಾರಿಯೂ ಯೋಚಿಸಿದ. ಕಡೆಗೆ, ಒಡೆಯುವ ಸಾಮಾನಿನ ಸುತ್ತ ತುರುಕುವ ಹುಲ್ಲಿನ ಬಾಬತ್ತಿನಲ್ಲಿ ಅವಳನ್ನು ಬಿಟ್ಟುಕೊಡುವುದೆಂದು ಎಲ್ಲರೂ ಒಪ್ಪಿದರು. ತಂಗೆವ್ವನೂ ಒಪ್ಪಿದಳು.