ಎಂಟು ಕೊಂಬಿನ ರೌಟರ್

ರೌಟರ್ ಬದಲಾಯಿಸಬೇಕೋ ಬೇಡವೋ ಎಂದು ಫ್ಯಾನಣ್ಣ ಯೋಚಿಸಲು ಶುರು ಮಾಡಿ ಎರಡು ವರ್ಷವಾಗಿತ್ತು. ಯೋಚನೆ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಸಂದರ್ಶನದ ದಿನ ಬಂದು ಬಾಗಿಲಲ್ಲಿ ನಿಂತಿತು.

ಫ್ಯಾನಣ್ಣ ಎನ್ನುವುದು ಅವನ ಹೆಸರಲ್ಲ. ಫ್ಯಾನ್ ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತಿರುಗದ ಫ್ಯಾನುಗಳ ಪರವಾಗಿ ಕಂಡಕಂಡವರ ಬೈಗುಳ ತಿನ್ನುವುದು. ಹಾಗಾಗಿ ಅಕ್ಕಪಕ್ಕದವರೆಲ್ಲ ಸೇರಿ ಇಟ್ಟ ಹೆಸರು ಅದು. ಎಪ್ಪತ್ತು ದಾಟಿದ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರಿಗೂ ಅವನು ಅಣ್ಣನೇ.

ಈ ಬೈಗುಳದಿಂದ ಪಾರಾಗಲು ಇದ್ದದ್ದು ಒಂದೇ ದಾರಿ, ವಿಭಾಗದ ಮುಖ್ಯಸ್ಥನಾಗುವುದು. ಮುಖ್ಯಸ್ಥ ಫೋನ್ ಎತ್ತಬೇಕಾಗಿಲ್ಲ, ಎತ್ತುವವರನ್ನು ಗದರಿಸಿದರೆ ಸಾಕು. ಎರಡು ವರ್ಷದ ಹಿಂದೆ ಇದೇ ಹುದ್ದೆಗೆ ಕಂಪ್ಯೂಟರಿನಲ್ಲೇ ಸಂದರ್ಶನ ನಡೆದಿತ್ತು. "ನಿಮ್ಮಲ್ಲಿರೋ ದೊಡ್ಡ ಗುಣ ಯಾವುದು?" ಎಂದು ಕೇಳಿದರು. ಫ್ಯಾನಣ್ಣ ಬಾಯಿ ತೆರೆದ. ಆ ಕ್ಷಣಕ್ಕೆ ಸರಿಯಾಗಿ ನೆಟ್ ನಿಂತಿತು. ತೆರೆದ ಬಾಯಿ, ಅರ್ಧ ಮುಚ್ಚಿದ ಒಂದು ಕಣ್ಣು, ಸೀನಲು ಹೊರಟು ಮರೆತ ಎಮ್ಮೆಯ ಹಾಗೆ ಅವನ ಮುಖ ಪರದೆಯ ಮೇಲೆ ನಿಂತುಬಿಟ್ಟಿತು. ಹುದ್ದೆ ಬೇರೆಯವರ ಪಾಲಾಯಿತು. ಮುಖ ಮಾತ್ರ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸ್ಟಿಕ್ಕರ್ ಆಗಿ ಉಳಿಯಿತು. ಯಾರಿಗಾದರೂ ಸುಸ್ತಾದರೆ ಆ ಮುಖ. ಊಟಕ್ಕೆ ತಡವಾದರೆ ಆ ಮುಖ. ಸೋಮವಾರ ಬಂತೆಂದರೆ ಬೆಳಗ್ಗೆ ಎದ್ದ ಕೂಡಲೇ ಆ ಮುಖ.

ಆಗ ಆಯ್ಕೆಯಾಗಿದ್ದವನು ಈಗ ಕೆಲಸ ಬಿಟ್ಟಿದ್ದ. ಕುರ್ಚಿ ಮತ್ತೆ ಖಾಲಿ. ಇವತ್ತು ಸಂಜೆ ನಾಲ್ಕಕ್ಕೆ ಸಂದರ್ಶನ. ಮಾಡುವವರು ಕೇಂದ್ರ ಕಚೇರಿಗೆ ಹೊಸದಾಗಿ ಬಂದ ದೊಡ್ಡ ಸಾಹೇಬರು. ಅವರ ಮುಖ ಇನ್ನೂ ಯಾರೂ ಕಂಡಿಲ್ಲ. ರಜೆಯಲ್ಲಿದ್ದರೂ ಇದ್ದ ಕಡೆಯಿಂದಲೇ ಮಾಡುತ್ತಾರಂತೆ, ಅಷ್ಟು ಶಿಸ್ತಿನ ಮನುಷ್ಯರಂತೆ.

ನೆಟ್ ಮಾತ್ರ ಕಳೆದ ವಾರದಿಂದ ವಿಪರೀತ ಸತಾಯಿಸುತ್ತಿತ್ತು. ಬೆಳಗ್ಗೆ ಫ್ಯಾನಣ್ಣ ಅಮ್ಮನ ಕೈಗೆ ಮೊಬೈಲ್ ಕೊಟ್ಟು ಅಡುಗೆಮನೆಗೆ ಕಳಿಸಿ, ಮುಂಭಾಗದ ಕೋಣೆಯಿಂದ ವಿಡಿಯೋ ಕರೆ ಮಾಡಿ ನೋಡಿದ.

"ಅಮ್ಮಾ, ಕಾಣಿಸ್ತಿದ್ದೀನಾ?"

"ಕಾಣಿಸ್ತಿದ್ದೀಯ. ಆದ್ರೆ ಮಾತಾಡ್ತಿಲ್ಲ."

"ಮಾತಾಡ್ತಿದ್ದೀನಲ್ಲಮ್ಮ!"

"ಅದು ಗೋಡೆ ಆಚೆಯಿಂದ ಕೇಳಿಸ್ತಿದೆ. ಇದ್ರಲ್ಲಿ ಬಾಯಿ ತೆರ್ಕೊಂಡು ನಿಂತಿದ್ದೀಯ. ಅದೇ ಮುಖ ಕಣೋ."

ಫ್ಯಾನಣ್ಣ ಕರೆ ಕತ್ತರಿಸಿದ.

"ಹೊಸದೊಂದು ತಂದು ಹಾಕೋ ಮಾರಾಯ" ಎಂದಳು ಅಮ್ಮ, ಅಡುಗೆಮನೆಯಿಂದ ಹೊರಗೆ ಬಂದು. "ಹುಡುಗಿ ನೋಡಿದಾಗಲೂ ಹೀಗೇ ಯೋಚಿಸ್ತಾ ಕೂತೆ. ಈಗ ಅವಳ ಮಗಳು ಸ್ಕೂಲಿಗೆ ಹೋಗ್ತಾಳೆ."

"ಹೊಸದು ತಂದ ಮೇಲೂ ಹೀಗೇ ಆದ್ರೆ? ಲೈನೇ ಕೆಟ್ಟಿದ್ರೆ? ಆಮೇಲೆ ಇದೇ ಚೆನ್ನಾಗಿತ್ತು ಅನ್ನಿಸಿದ್ರೆ?"

ಕೂತ. ಎದ್ದ. ಮತ್ತೆ ಕೂತ. ಕೊಂಡವರ ಅಭಿಪ್ರಾಯ ಓದೋಣವೆಂದು ಲ್ಯಾಪ್‌ಟಾಪ್ ತೆರೆದರೆ, "ಈ ರೌಟರನ್ನು ಯಾವ ಕಾರಣಕ್ಕೂ" ಎಂಬಲ್ಲಿಗೆ ಪುಟ ನಿಂತುಹೋಯಿತು. ಕೊಳ್ಳಿ ಅಂತಲೋ, ಕೊಳ್ಳಬೇಡಿ ಅಂತಲೋ, ಅದೂ ತಿಳಿಯಲಿಲ್ಲ.

ಆಗ ಬಂದರು ಡ್ರಾಯಿಂಗ್ ಮೇಷ್ಟ್ರು. ಅವರದು ಓಣಿಯಾಚೆಯ ಮನೆ. ಓಣಿ ಎಷ್ಟು ಕಿರಿದೆಂದರೆ ಅವರ ಕಿಟಕಿಯಿಂದ ಇವರ ಕಿಟಕಿಗೆ ಪೇಪರ್ ದಾಟಿಸಬಹುದು.

"ಏನಪ್ಪಾ ಫ್ಯಾನಣ್ಣ, ಬೆಳಗ್ಗೆಯಿಂದ ನಿನ್ನ ನೆಟ್ ಮಲಗಿಬಿಟ್ಟಿದೆಯಲ್ಲ?"

"ನಿಮಗೆ ಹೇಗೆ ಗೊತ್ತಾಯ್ತು ಮೇಷ್ಟ್ರೇ?"

ಮೇಷ್ಟ್ರು ಸ್ವಲ್ಪ ಕೆಮ್ಮಿದರು. "ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನಯ್ಯ? ಅದಿರ್ಲಿ, ರೌಟರನ್ನ ಟೀವಿ ಹಿಂದೆ ಇಟ್ಟರೆ ಅದಕ್ಕೆ ಉಸಿರು ಕಟ್ಟೋದಿಲ್ವಾ? ಕಿಟಕೀಲಿಡು. ಆ ಕಿಟಕಿ ಅಲ್ಲ, ಈ ಕಿಟಕಿ. ಆಂಟೆನಾ ಕೊಂಬು ನಮ್ಮನೆ ಕಡೆಗೆ... ಅಂದ್ರೆ, ಪಶ್ಚಿಮಕ್ಕಿರಲಿ."

ಫ್ಯಾನಣ್ಣ ಇಟ್ಟ. ಇಟ್ಟು ತಿರುಗುವಷ್ಟರಲ್ಲಿ ಕೆಳಮನೆಯ ಟೈಲರ್, ಕೊರಳಲ್ಲಿ ಅಳತೆ ಟೇಪಿನ ಸಮೇತ, ಮೆಟ್ಟಿಲು ಹತ್ತಿ ಬಂದ.

"ಅಯ್ಯಯ್ಯೋ, ಕಿಟಕೀಲಿ ಯಾಕಿಟ್ರಿ ಅಣ್ಣಾ? ಈಗಷ್ಟೇ ಪೂರ್ತಿ ಹೊರಟೋಯ್ತು... ಹೊರಟೋಗುತ್ತೆ! ಸಿಗ್ನಲ್ಲು ನೀರಿದ್ದ ಹಾಗೆ. ಕೆಳಕ್ಕೇ ಹರಿಯೋದು. ನೆಲದ ಮೇಲಿಡಿ."

ನೆಲದ ಮೇಲಿಟ್ಟ. ಆಗ ಮೇಲಿನ ಮನೆಯ ಅಕ್ಕ ದಡದಡ ಇಳಿದು ಬಂದಳು. ನೆಲದ ಮೇಲಿದ್ದ ರೌಟರನ್ನು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು.

"ಯಾರ ಬುದ್ಧಿ ಇದು? ಸಿಗ್ನಲ್ಲು ಹೊಗೆ ಇದ್ದ ಹಾಗೆ ಫ್ಯಾನಣ್ಣ. ಮೇಲಕ್ಕೇ ಹೋಗೋದು. ಅಟ್ಟದ ಮೇಲಿಡು. ಬೇಗ ಇಡಪ್ಪ, ನನ್ನ ತಮ್ಮ ರೇಗಾಡ್ತಿದ್ದಾನೆ."

"ನಿಮ್ಮ ತಮ್ಮ ಯಾಕಕ್ಕ ರೇಗಾಡ್ತಾರೆ?"

"ಅವನು ಹಾಗೇ, ಹುಟ್ಟಿದಾಗಿನಿಂದ ರೇಗಾಟ. ಹೋದ ವಾರ ಬಂದಿದ್ದಾನೆ, ರಜಕ್ಕೆ ಅಂತ. ಎಲ್ಲಿಯ ರಜ? ದಿನವೆಲ್ಲ ಟೈ ಕಟ್ಕೊಂಡು ಕಂಪ್ಯೂಟರ್ ಮುಂದೆ ಕೂತು ಯಾರ್ಯಾರನ್ನೋ ಹೆದರಿಸ್ತಿರ್ತಾನೆ. ಅದೇನು ಕೆಲಸವೋ, ನನಗಂತೂ ಅರ್ಥ ಆಗಲ್ಲ."

ಫ್ಯಾನಣ್ಣನಿಗೆ ಅಕ್ಕನ ತಮ್ಮನ ಸುದ್ದಿ ಬೇಕಿರಲಿಲ್ಲ. ಸ್ಟೂಲ್ ಹಾಕಿಕೊಂಡು ಹತ್ತಿದ. ವೈರು ಅಟ್ಟದವರೆಗೆ ಸಾಲದು. ಅಕ್ಕ "ಇನ್ನೂ ಮೇಲೆ, ಇನ್ನೂ ಮೇಲೆ" ಎಂದು ಹುರಿದುಂಬಿಸಿದಳು. "ಬೇಡಣ್ಣಾ, ಇಳಿಸಿ" ಎಂದು ಟೈಲರ್ ವೈರು ಹಿಡಿದು ಜಗ್ಗಿದ. "ಇಬ್ಬರೂ ದಡ್ಡರು, ಕಿಟಕಿಗೇ ಕೊಡು ಇಲ್ಲಿ" ಎಂದು ಮೇಷ್ಟ್ರು ಕೈ ಚಾಚಿ ಅದರ ಕೊಂಬಿಗೇ ಕೈ ಹಾಕಿದರು. ಸ್ಟೂಲ್ ವಾಲಿತು. ಫ್ಯಾನಣ್ಣ ಮೇಷ್ಟ್ರ ಮೇಲೆ, ಮೇಷ್ಟ್ರು ಟೈಲರನ ಮೇಲೆ. ರೌಟರ್ ಗೋಡೆಗೆ ಬಡಿದು, ನೆಲಕ್ಕೆ ಬಿದ್ದು, ಒಂದು ಸಲ ಮಿನುಗಿ ಕಣ್ಣು ಮುಚ್ಚಿತು. ಮುರಿದ ಕೊಂಬು ಮೇಷ್ಟ್ರ ಕೈಯಲ್ಲಿತ್ತು.

"ಅಯ್ಯೋ!" ಎಂದು ನೆರೆಯವರು ಮೂವರೂ ಒಟ್ಟಿಗೆ ಕೂಗಿದ್ದು ಕೇಳಿದರೆ ಸ್ವಂತದವರು ಯಾರೋ ಹೋದರೇನೋ ಎನ್ನಬೇಕು. ಫ್ಯಾನಣ್ಣನ ಕಣ್ಣು ಒದ್ದೆಯಾಯಿತು. ತನ್ನ ಕಷ್ಟಕ್ಕೆ ಇಷ್ಟು ಮರುಗುವ ನೆರೆಹೊರೆ ಎಷ್ಟು ಜನಕ್ಕೆ ಸಿಗುತ್ತದೆ?

ಎರಡು ವರ್ಷದ ಯೋಚನೆ ಹೀಗೆ ಮುಗಿಯಿತು. ಮಧ್ಯಾಹ್ನ ನಾಲ್ವರೂ ಅಂಗಡಿಗೆ ಹೊರಟರು. ಬೇಡವೆಂದರೂ ಮೂವರೂ ಬಿಡಲಿಲ್ಲ.

"ಮನೇಲಿ ಎಷ್ಟು ಜನ ಇದ್ದೀರಿ?" ಎಂದು ಕೇಳಿದ ಅಂಗಡಿಯವನು.

"ನಾನು, ನಮ್ಮಮ್ಮ."

"ಹಾಗಾದ್ರೆ ಈ ಚಿಕ್ಕದು ಧಾರಾಳವಾಯ್ತು."

"ಸಾಲಲ್ಲ!" ಎಂದರು ಮೂವರೂ.

"ನಾಳೆ ಅವನ ಸಂಸಾರ ಬೆಳೆಯಲ್ವಾ?" ಎಂದಳು ಅಕ್ಕ. "ಗೋಡೆ ದಪ್ಪ" ಎಂದರು ಮೇಷ್ಟ್ರು. ಟೈಲರ್ ಮಾತಿಗೆ ನಿಲ್ಲದೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ಗಲ್ಲಾದ ಮೇಲಿಟ್ಟ. ಎಂಟು ಕೊಂಬಿನ ರೌಟರ್. ಮಗುಚಿಕೊಂಡ ಜೇಡದ ಹಾಗಿತ್ತು.

"ಇದು ಇಡೀ ಕಟ್ಟಡಕ್ಕೇ ಸಾಕು" ಎಂದು ನಕ್ಕ ಅಂಗಡಿಯವನು. "ಹಳೇ ಪಾಸ್‌ವರ್ಡ್ ಹಾಕ್ಬೇಡಿ ಸಾರ್. ಯಾರಿಗೂ ಗೊತ್ತಿಲ್ಲದ ಹೊಸದೊಂದು ಇಡಿ."

ವಾಪಸು ಬರುವಾಗ ಮೂವರೂ ಯಾಕೋ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜೋಡಿಸಿ, ಪಾಸ್‌ವರ್ಡ್ ಇಟ್ಟು ಮುಗಿಸುವಷ್ಟರಲ್ಲಿ ನಾಲ್ಕಕ್ಕೆ ಸ್ವಲ್ಪವೇ ಬಾಕಿ. ಹಸಿರು ದೀಪಗಳು ಸಾಲಾಗಿ ಹೊತ್ತಿಕೊಂಡವು. ಫ್ಯಾನಣ್ಣ ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಚಡ್ಡಿ ತೊಟ್ಟು ಲ್ಯಾಪ್‌ಟಾಪ್ ಮುಂದೆ ಕೂತ. ಆಹಾ, ಏನು ವೇಗ! ಪರದೆಯ ಮೇಲೆ ಅವನ ಮುಖ ಕನ್ನಡಿಯಲ್ಲಿ ಕಂಡಷ್ಟು ಚೊಕ್ಕ. ರೆಪ್ಪೆ ಬಡಿದರೆ ಅದೂ ಬಡಿಯಿತು. ಆಫೀಸಿನ ಇಬ್ಬರು ಆಗಲೇ ಬಂದಿದ್ದರು, ಕ್ಯಾಮೆರಾ ಆರಿಸಿಕೊಂಡು, ಎರಡು ಕಪ್ಪು ಚೌಕಗಳಾಗಿ.

"ಸಾಹೇಬರು ಈಗ ಬರ್ತಾರೆ, ಇರಿ" ಎಂದಿತು ಒಂದು ಚೌಕ.

ನಾಲ್ಕಾಯಿತು. ಸಾಹೇಬರು ಬರಲಿಲ್ಲ. ಶಿಸ್ತಿನ ಮನುಷ್ಯ ಯಾಕೆ ಬರಲಿಲ್ಲ?

ಬಾಗಿಲು ಬಡಿದ ಸದ್ದು. "ಫ್ಯಾನಣ್ಣಾ, ಹೊಸ ಪಾಸ್‌ವರ್ಡ್ ಏನಿಟ್ಟೆ?" ಮೇಷ್ಟ್ರ ದನಿ.

ಫ್ಯಾನಣ್ಣ ಮೈಕಿನ ಗುಂಡಿ ಒತ್ತಿ, ಆರಿತೆಂದುಕೊಂಡು, ಅಲ್ಲಿಂದಲೇ ಕೇಳಿದ. "ನಿಮಗ್ಯಾಕೆ ಮೇಷ್ಟ್ರೇ?"

"ಚೆಸ್ ಆಡ್ತಿದ್ದೆ ಕಣಪ್ಪ. ಅರ್ಧಕ್ಕೇ ನಿಂತುಹೋಯ್ತು. ನನ್ನ ರಾಜ ಸಿಕ್ಕಿಹಾಕ್ಕೊಂಡಿದ್ದಾನೆ."

ಹಿಂದೆಯೇ ಟೈಲರ್. "ಅಣ್ಣಾ, ವಿಡಿಯೋ ನೋಡ್ಕೊಂಡು ಕೋಟು ಹೊಲೀತಿದ್ದೆ. ಒಂದು ತೋಳಾಯ್ತು. ಇನ್ನೊಂದು ಎಲ್ಲಿ ಕೂರಿಸಬೇಕು ಅಂತ ಗೊತ್ತಾಗ್ತಿಲ್ಲ. ಬೇಗ ಹೇಳಿ."

ಫ್ಯಾನಣ್ಣನ ತಲೆಯಲ್ಲಿ ಒಂದೊಂದೇ ದೀಪ ಹೊತ್ತಿಕೊಂಡಿತು. ಪಶ್ಚಿಮದ ಕಿಟಕಿ. ಕೆಳಗೆ ಹರಿಯುವ ನೀರು. ಮೇಲಕ್ಕೇರುವ ಹೊಗೆ. ಮೆಲ್ಲಗೆ ಅಮ್ಮನ ಕಡೆ ತಿರುಗಿದ.

"ಅಮ್ಮಾ, ಇವರಿಗೆಲ್ಲ ನಮ್ಮ ಪಾಸ್‌ವರ್ಡ್ ಕೊಟ್ಟೋರು ಯಾರು?"

"ನಾನೇ, ಎರಡು ವರ್ಷದ ಮೇಲಾಯ್ತು. ಅದರಲ್ಲೇನು ಗುಟ್ಟು?" ಅಮ್ಮನ ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ಹೆಪ್ಪಿಗೆ ಅಂತ ಒಂದು ಚಮಚ ಮೊಸರು ಕೇಳ್ಕೊಂಡು ಬಂದ್ರೆ ಇಲ್ಲ ಅಂತೀವಾ? ಕೊಟ್ಟ ಮಾತ್ರಕ್ಕೆ ನಮ್ಮನೆ ಮೊಸರು ಕಮ್ಮಿ ಆಗುತ್ತಾ?"

"ಅಮ್ಮಾ! ನೀನು ಕೊಟ್ಟಿದ್ದು ಹೆಪ್ಪಲ್ಲಮ್ಮ, ಇಡೀ ಪಾತ್ರೆ! ಎರಡು ವರ್ಷದಿಂದ ಇವರೆಲ್ಲ ಸೇರಿ ಬಳಿದು ತಿಂದಿದ್ದಾರೆ, ನಾನು ಖಾಲಿ ಪಾತ್ರೆ ಹಿಡ್ಕೊಂಡು ಸಂದರ್ಶನಕ್ಕೆ ಕೂತಿದ್ದೀನಿ!"

ಆ ಸ್ಟಿಕ್ಕರ್, ಆ ಸೋಮವಾರಗಳು, ಕಿವಿಯಲ್ಲಿ ಕೂತ ಬೈಗುಳ, ಎಲ್ಲ ಒಮ್ಮೆಲೇ ನೆನಪಿಗೆ ಬಂತು. ಎದ್ದು ಹೋಗಿ ಚಿಲಕ ಹಾಕಿ, ಮತ್ತೆ ಬಂದು ಕೂತ. ಸಾಹೇಬರು ಇನ್ನೂ ಬಂದಿರಲಿಲ್ಲ.

ಬಾಗಿಲು ಮತ್ತೆ ಬಡಿಯಿತು, ಈ ಸಲ ಜೋರಾಗಿ. "ಫ್ಯಾನಣ್ಣ, ನಾನು ಕಣಪ್ಪ, ಮೇಲಿನ ಮನೆ ಅಕ್ಕ. ನನ್ನ ತಮ್ಮಂದು ಏನೋ ಮುಖ್ಯವಾದ ಮೀಟಿಂಗ್ ಅಂತೆ, ನೆಟ್ ಹೋಗಿ ಒದ್ದಾಡ್ತಿದ್ದಾನೆ. ಇಲ್ಲೇ ನನ್ನ ಜೊತೆ ನಿಂತಿದ್ದಾನೆ. ಒಂದು ಗಳಿಗೆ ಮಟ್ಟಿಗೆ ಪಾಸ್‌ವರ್ಡ್ ಕೊಡು."

ಅಷ್ಟು ಸಾಕಾಯಿತು. ವರ್ಷಗಟ್ಟಲೆ ಗಿರಾಕಿಗಳಿಂದ ತಾನು ಕೇಳಿಸಿಕೊಂಡಿದ್ದನ್ನೆಲ್ಲ ಫ್ಯಾನಣ್ಣ ಒಂದೇ ಉಸಿರಿಗೆ ಹೊರಗೆ ಬಿಟ್ಟ.

"ಕೊಡಲ್ಲ! ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ! ನಾಚಿಕೆ ಆಗಲ್ವಾ ನಿಮಗೆ? ಬಿಟ್ಟಿ ನೆಟ್ಟಲ್ಲಿ ಟೈ ಕಟ್ಕೊಂಡು ದೊಡ್ಡಸ್ತಿಕೆ ಮಾಡೋ ಆ ನಿಮ್ಮ ತಮ್ಮನಿಗೆ ಹೇಳಿ, ಮರ್ಯಾದೆ ಅನ್ನೋದಿದ್ರೆ ಸ್ವಂತ ರೌಟರ್ ತಗೊಳ್ಳಲಿ ಅಂತ! ದೂರಿದ್ರೆ ಬೇರೆ ಎಲ್ಲಾದ್ರೂ ಹೇಳ್ಕೊಳ್ಳಿ! ಇಲ್ಲಿ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ!"

ಫ್ಯಾನಣ್ಣ ಅಂಗಿ ಸರಿಮಾಡಿಕೊಂಡು ಪರದೆಯ ಕಡೆ ತಿರುಗುವಷ್ಟರಲ್ಲಿ ಲ್ಯಾಪ್‌ಟಾಪ್ ಟಣ್ಣೆಂದಿತು. ಹೊಸ ಚೌಕವೊಂದು ತೆರೆದುಕೊಂಡಿತು. ಮೊಬೈಲ್ ನೆಟ್ ಇರಬೇಕು, ಚಿತ್ರ ತಡವರಿಸುತ್ತಿತ್ತು. ಮೊದಲು ಕಂಡದ್ದು ಟೈ. ಆಮೇಲೆ ಎರಡು ಮೂಗಿನ ಹೊಳ್ಳೆ. ಆಮೇಲೆ ಅವುಗಳ ಹಿಂದೆ ಒಂದು ಕಂದು ಬಣ್ಣದ ಬಾಗಿಲು. ಬಾಗಿಲಿನ ಮೇಲೆ ಅಮ್ಮನ ಕೈಬರಹದ ಚೀಟಿ: "ದಯವಿಟ್ಟು ಚಪ್ಪಲಿ ಹೊರಗೆ ಬಿಡಿ."

"ನಮಸ್ಕಾರ" ಎಂದಿತು ಲ್ಯಾಪ್‌ಟಾಪ್. "ನಮಸ್ಕಾರ" ಎಂದಿತು ಬಾಗಿಲೂ, ಅದೇ ದನಿಯಲ್ಲಿ.

ಫ್ಯಾನಣ್ಣ ಹೇಗೆ ಎದ್ದನೋ, ಹೇಗೆ ಚಿಲಕ ತೆಗೆದನೋ ಅವನಿಗೇ ತಿಳಿಯದು. ಇಸ್ತ್ರಿ ಅಂಗಿ, ಮನೆಯ ಚಡ್ಡಿಯಲ್ಲಿ ದೊಡ್ಡ ಸಾಹೇಬರ ಮುಂದೆ ನಿಂತ.

ಸಾಹೇಬರು ರೇಗಾಡಲಿಲ್ಲ. ರೇಗಾಡಿದ್ದರೆ ವಾಸಿಯಿತ್ತು. "ನಿಮ್ಮಲ್ಲಿರೋ ದೊಡ್ಡ ಗುಣ ಯಾವುದು ಅಂತ ಕೇಳೋಣ ಅಂತಿದ್ದೆ" ಎಂದರು ತಣ್ಣಗೆ. "ಬೇಡ ಬಿಡಿ. ನೀವು ದೂರು ಕೇಳೋ ರೀತಿ ನನಗೆ ಬಾಗಿಲಾಚೆಯಿಂದಲೇ ಗೊತ್ತಾಯ್ತು." ಜೇಬಿನಿಂದ ಪೆನ್ನು ತೆಗೆದು, "ಈಗ ಆ ಪಾಸ್‌ವರ್ಡ್ ಕೊಡ್ತೀರಾ? ಇನ್ನೂ ಇಬ್ಬರ ಸಂದರ್ಶನ ಬಾಕಿ ಇದೆ" ಎಂದರು.

ಫ್ಯಾನಣ್ಣ ಹೇಳಿದ. ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಹೇಳಿದ. ಸಾಹೇಬರು ಬರೆದುಕೊಂಡರು. ಅವರ ಬೆನ್ನ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ಮೇಷ್ಟ್ರೂ ಟೈಲರೂ ಬರೆದುಕೊಂಡರು. "ನಿಧಾನಕ್ಕೆ ಹೇಳೋ, ಅಕ್ಕ ಕನ್ನಡಕ ತಂದಿಲ್ಲ" ಎಂದಳು ಅಮ್ಮ.

ಆಮೇಲೆ ಅವನು ಬಂದು ಕುರ್ಚಿಯಲ್ಲಿ ಕುಸಿದ. ಪರದೆಯ ಮೇಲೆ ಎರಡು ಕಪ್ಪು ಚೌಕಗಳು ಹಾಗೇ ಇದ್ದವು. ಅವುಗಳ ಪಕ್ಕದಲ್ಲಿ ಅವನ ಮೈಕಿನ ಗುರುತು ಹಸಿರಾಗಿ ಹೊಳೆಯುತ್ತಿತ್ತು. ಆರಿಸಿದ್ದೇನೆಂದುಕೊಂಡಿದ್ದು ಆರಿರಲೇ ಇಲ್ಲ. ಒಂದು ಚೌಕದಿಂದ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ನಗುವ ಸದ್ದು ಬರುತ್ತಿತ್ತು.

ಸಂಜೆ ಮೇಷ್ಟ್ರು ತಮ್ಮ ಕಿಟಕಿಯಿಂದಲೇ ಕೂಗಿ ಹೇಳಿದರು, "ರಾಜ ಬಚಾವಾದ ಕಣಪ್ಪ! ಹೊಸದು ಭಾರಿ ಚೆನ್ನಾಗಿದೆ!" ಕೆಳಗೆ ಟೈಲರನ ಯಂತ್ರ ಎರಡನೇ ತೋಳಿನ ಮೇಲೆ ಕಟಕಟ ಓಡುತ್ತಿತ್ತು. ಮೇಲಿನ ಮನೆಯಲ್ಲಿ ಸಾಹೇಬರು ಯಾರಿಗೋ "ಅಭಿನಂದನೆಗಳು" ಎನ್ನುತ್ತಿದ್ದದ್ದು ತಾರಸಿಯಿಂದಿಳಿದು ಬರುತ್ತಿತ್ತು.

ಫ್ಯಾನಣ್ಣನ ಫೋನು ಮಿಸುಕಾಡಿತು. ಆಫೀಸಿನ ಗುಂಪು. ಹಳೆಯ ಸ್ಟಿಕ್ಕರಿಗೆ ವಿದಾಯ ಹೇಳಿ ಯಾರೋ ಹೊಸದೊಂದನ್ನು ಹಾಕಿದ್ದರು. ಬಾಗಿಲ ಕಡೆ ಕತ್ತು ಚಾಚಿ, ಕಣ್ಣು ಕೆಕ್ಕರಿಸಿ, ಬಾಯಿ ಅಗಲಿಸಿ ಅರಚುತ್ತಿರುವ ಅವನದೇ ಮುಖ. ಎಂಟು ಕೊಂಬಿನ ರೌಟರ್ ಅಲ್ಲವೇ, ಈ ಸಲ ಚಿತ್ರ ಒಂದು ಚೂರೂ ಮಸುಕಾಗಿರಲಿಲ್ಲ. ದವಡೆಯ ಹಲ್ಲನ್ನೂ ಎಣಿಸಬಹುದಿತ್ತು.